ತೊಯ್ದ ಬೇರು, ಬಾಡಿದ ಎಲೆ

ಎಲೆಯಲ್ಲೋ ಕಾಂಡದಲ್ಲೋ ಬೇರಿನಲ್ಲೋ ನೀರು ಕೂಡಿಟ್ಟುಕೊಂಡು ಬರಗಾಲ ಕಳೆಯುವ ಗಿಡಗಳಿಗೆ ಸಕ್ಯುಲೆಂಟ್ ಎಂದು ಹೆಸರು. ಹಿತ್ತಿಲ ಲೋಳೆಸರ, ಬೇಲಿಯ ಕತ್ತಾಳೆ, ಬಂಡೆಯ ಮೇಲೆ ಹಬ್ಬುವ ಮಂಗರವಳ್ಳಿ, ಪಾಪಾಸುಕಳ್ಳಿ ಇವೆಲ್ಲ ಈ ಗುಂಪಿನವು. ನರ್ಸರಿಯಿಂದ ಮನೆಯೊಳಗೆ ಬಂದ ಜೇಡ್, ಎಕೆವೇರಿಯಾ, ಹಾವರ್ಥಿಯಾ, ಅಡೇನಿಯಂ, ಸ್ನೇಕ್ ಪ್ಲಾಂಟ್‌ಗಳೂ ಅಷ್ಟೆ. ಇವು ಒಂದೇ ಕುಟುಂಬದವಲ್ಲ. ಬೇರೆ ಬೇರೆ ಕುಟುಂಬಗಳ ಗಿಡಗಳು ಬರಕ್ಕೆ ಒಂದೇ ಬಗೆಯ ಉತ್ತರ ಕಂಡುಕೊಂಡಿವೆ. ಕುಂಡದಲ್ಲಿ ಇವು ಬಾಯಾರಿ ಸಾಯುವುದು ಅಪರೂಪ. ಸಾಮಾನ್ಯವಾಗಿ ಸಾಯುವುದು ನೀರು ಹೆಚ್ಚಾಗಿ. ತುಳಸಿಗೆ ಹಾಕುವ ಚೊಂಬಿನಲ್ಲೇ ಪಕ್ಕದ ಜೇಡ್ ಗಿಡಕ್ಕೂ ದಿನಾ ಒಂದಿಷ್ಟು ಹಾಕುವ ಅಭ್ಯಾಸ ಸಾಕು, ಎರಡು ತಿಂಗಳಲ್ಲಿ ಗಿಡ ಬುಡಸಮೇತ ಕುಸಿಯುತ್ತದೆ.

ಹೀಗೆ ಕುಸಿದ ಗಿಡವನ್ನು ಉಳಿಸುವ ಕ್ರಮ ಮೊದಲ ನೋಟಕ್ಕೆ ಒರಟಾಗಿ ಕಾಣುತ್ತದೆ. ಮಣ್ಣು ಕೊಡವಿ, ಬೇರು ಕತ್ತರಿಸಿ, ಹತ್ತು ದಿನ ಹಾಗೇ ಒಣಗಲು ಬಿಡಬೇಕು. ಗುಲಾಬಿಗೋ ದಾಸವಾಳಕ್ಕೋ ಹೀಗೆ ಮಾಡಿದರೆ ಗಿಡದ ಕಥೆ ಮುಗಿಯಿತು. ಸಕ್ಯುಲೆಂಟ್ ಇದನ್ನು ತಾಳಿಕೊಳ್ಳುವುದಕ್ಕೆ ಅದರ ಹುಟ್ಟೂರಿನ ಹವೆ ಕಾರಣ.

ಜೇಡ್ ಗಿಡದ ತವರು ದಕ್ಷಿಣ ಆಫ್ರಿಕಾದ ಪೂರ್ವ ಭಾಗದ ಕಲ್ಲು ಇಳಿಜಾರುಗಳು. ಹಾವರ್ಥಿಯಾ ಕೂಡ ಅದೇ ದೇಶದ್ದು. ಗುಲಾಬಿ ಹೂವಿನಂತೆ ಎಲೆ ಜೋಡಿಸಿಕೊಂಡ ಎಕೆವೇರಿಯಾ ಮುಖ್ಯವಾಗಿ ಮೆಕ್ಸಿಕೋದ ಬೆಟ್ಟಗಳದ್ದು. ಆ ದೇಶದ ಸಸ್ಯಗಳ ಚಿತ್ರ ಬರೆದ ಅಟನಾಸಿಯೋ ಎಚೆವೆರಿಯಾ ಎಂಬ ಕಲಾವಿದನ ಹೆಸರು ಅದಕ್ಕಿದೆ. ಈ ಕಲ್ಲುನೆಲಗಳಲ್ಲಿ ಮಳೆ ಬಂದರೂ ನೀರು ನಿಲ್ಲುವುದಿಲ್ಲ. ಬಂದ ನೀರು ಮಣ್ಣಿನ ಮೇಲ್ಪದರ ತೋಯಿಸಿ ಇಳಿದು ಹೋಗುತ್ತದೆ, ಉಳಿದದ್ದನ್ನು ಬಿಸಿಲು ಒಯ್ಯುತ್ತದೆ. ಗಿಡಕ್ಕೆ ಸಿಗುವುದು ಕೆಲವು ದಿನಗಳ ಅವಕಾಶ ಮಾತ್ರ. ಅದಕ್ಕೇ ಅನೇಕ ಕಳ್ಳಿಗಳು ಮಳೆ ಬಿದ್ದೊಡನೆ ಕೂದಲೆಳೆಯಂಥ ಹೊಸ ಬೇರುಗಳನ್ನು ಹೊರಡಿಸಿ ಸಿಕ್ಕಷ್ಟು ನೀರು ಹೀರಿಕೊಳ್ಳುತ್ತವೆ. ಮಣ್ಣು ಒಣಗಿದ ಮೇಲೆ ಆ ಬೇರುಗಳು ಸತ್ತು ಉದುರುತ್ತವೆ. ಸಸ್ಯವಿಜ್ಞಾನಿಗಳು ಇವನ್ನು ಮಳೆಬೇರು ಎಂದೇ ಕರೆಯುತ್ತಾರೆ. ಬೇರು ಕಳೆದುಕೊಂಡು ಮತ್ತೆ ಹುಟ್ಟಿಸಿಕೊಳ್ಳುವುದು ಇಂಥ ಗಿಡದ ಪಾಲಿಗೆ ವರ್ಷವರ್ಷದ ವ್ಯವಹಾರ. ಚಿಕಿತ್ಸೆಯೆಲ್ಲ ನಿಂತಿರುವುದು ಈ ಒಂದು ಸಾಮರ್ಥ್ಯದ ಮೇಲೆ.

ಇನ್ನೊಂದು ವಿಶೇಷ ಎಲೆಯಲ್ಲಿದೆ. ಬಹುತೇಕ ಗಿಡಗಳು ಹಗಲಿನಲ್ಲಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುತ್ತವೆ. ಬಾಗಿಲು ತೆರೆದಷ್ಟು ಹೊತ್ತು ನೀರು ಆವಿಯಾಗಿ ಹೊರಹೋಗುತ್ತಲೇ ಇರುತ್ತದೆ. ಸಕ್ಯುಲೆಂಟ್‌ಗಳಲ್ಲಿ ಹೆಚ್ಚಿನವು ರಾತ್ರಿಯ ತಂಪಿನಲ್ಲಿ ರಂಧ್ರ ತೆರೆದು, ಒಳಗೆ ಬಂದ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಡುತ್ತವೆ. ಹಗಲು ಬಾಗಿಲು ಮುಚ್ಚಿಕೊಂಡು ಆ ದಾಸ್ತಾನಿನಿಂದ ಸಕ್ಕರೆ ತಯಾರಿಸುತ್ತವೆ. ಜೇಡ್ ಸೇರಿರುವ ಕ್ರಾಸ್ಯುಲೇಸಿ ಕುಟುಂಬದ ಹೆಸರಿನಿಂದ ಈ ಕ್ರಿಯೆಗೆ ಕ್ರಾಸ್ಯುಲೇಸಿಯನ್ ಆಸಿಡ್ ಮೆಟಬಾಲಿಸಂ, ಚಿಕ್ಕದಾಗಿ ಕ್ಯಾಮ್, ಎಂಬ ಹೆಸರು ಬಂದಿದೆ. ಇದರ ಮೊದಮೊದಲ ಸುಳಿವು ಕೊಟ್ಟವರಲ್ಲಿ ಬೆಂಜಮಿನ್ ಹೈನ್ ಒಬ್ಬ. ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರು ಸೀಮೆಯ ಸರ್ವೇಕ್ಷಣೆಯಲ್ಲಿ ದುಡಿದು, ಕೆಲಕಾಲ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡ ಜರ್ಮನ್ ಸಸ್ಯತಜ್ಞ ಈತ. ಕಾಡುಬಸಳೆಯ ಎಲೆ ಮುಂಜಾನೆ ಅಗಿದರೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ ಎಂದು 1813ರಲ್ಲಿ ಲಂಡನ್ನಿಗೆ ಪತ್ರ ಬರೆದ. ರಾತ್ರಿ ಕೂಡಿದ ಆಮ್ಲ ಹಗಲಿಗೆ ಖರ್ಚಾಗುವುದನ್ನು ಆತ ನಾಲಗೆಯಿಂದಲೇ ಅಳೆದಿದ್ದ.

ಕುಂಡಕ್ಕೂ ಈ ರಾತ್ರಿಪಾಳಿಗೂ ನೇರ ಸಂಬಂಧವಿದೆ. ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಗಳಿಸಲು ಸಾಮಾನ್ಯ ಗಿಡ 400ರಿಂದ 500 ಗ್ರಾಂ ನೀರು ಕಳೆದುಕೊಂಡರೆ, ಕ್ಯಾಮ್ ಗಿಡಕ್ಕೆ 50ರಿಂದ 100 ಗ್ರಾಂ ಸಾಕು. ಅಂದರೆ ಜೇಡ್ ಗಿಡ ಕುಂಡದ ನೀರನ್ನು ಬಹಳ ನಿಧಾನವಾಗಿ ಖರ್ಚು ಮಾಡುತ್ತದೆ. ಟೊಮೇಟೊ ಗಿಡ ಒಂದೆರಡು ದಿನದಲ್ಲಿ ಕುಡಿದು ಮುಗಿಸುವ ನೀರು ಜೇಡ್ ಕುಂಡದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಮನೆಯೊಳಗೆ ಬಿಸಿಲು ಗಾಳಿ ಕಡಿಮೆಯಾದ್ದರಿಂದ ಇನ್ನಷ್ಟು ದಿನ.

ಹಾಗೆ ಉಳಿದ ನೀರು ತಾನಾಗಿ ವಿಷವಲ್ಲ. ತೊಂದರೆ ಇರುವುದು ಅದು ಆಕ್ರಮಿಸಿಕೊಳ್ಳುವ ಜಾಗದಲ್ಲಿ. ಒಳ್ಳೆಯ ಮಣ್ಣಿನ ಕಣಗಳ ನಡುವೆ ಸಂದುಗಳಿರುತ್ತವೆ, ಆ ಸಂದುಗಳಲ್ಲಿ ಗಾಳಿ ಇರುತ್ತದೆ, ಬೇರಿನ ಜೀವಕೋಶಗಳು ಆ ಗಾಳಿಯ ಆಮ್ಲಜನಕದಿಂದ ಉಸಿರಾಡುತ್ತವೆ. ಎಲೆಗಳು ಬಿಸಿಲಿನಲ್ಲಿ ಆಮ್ಲಜನಕ ಹೊರಬಿಡುತ್ತವೆ ಎಂಬ ಪಾಠ ಓದಿದವರಿಗೆ ಬೇರೂ ಉಸಿರಾಡುತ್ತದೆ ಎಂಬುದು ಮರೆತೇಹೋಗಿರುತ್ತದೆ. ಸಂದುಗಳಲ್ಲಿ ನೀರು ತುಂಬಿದಾಗ ಗಾಳಿಗೆ ಜಾಗವಿಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕ ಇದ್ದೇ ಇದೆಯಲ್ಲ ಎಂದರೆ, ಅದು ತೀರಾ ಅತ್ಯಲ್ಪ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರಿನಲ್ಲಿ ಸುಮಾರು 8 ಮಿಲಿಗ್ರಾಂ. ಅಷ್ಟೇ ಗಾತ್ರದ ಗಾಳಿಯಲ್ಲಿ ಇರುವುದು ಇದರ ಮೂವತ್ತು ಪಟ್ಟಿಗೂ ಹೆಚ್ಚು. ಅದಕ್ಕಿಂತ ದೊಡ್ಡ ಅಡಚಣೆ ವೇಗದ್ದು. ಆಮ್ಲಜನಕ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಬೇರಿನ ಸುತ್ತಲಿನದು ಖರ್ಚಾದ ಮೇಲೆ ಹೊಸದು ಬಂದು ತಲುಪುವುದೇ ಇಲ್ಲ.

ಉಸಿರು ಸಿಗದ ಜೀವಕೋಶ ಹುದುಗುವಿಕೆಯ ದಾರಿ ಹಿಡಿಯುತ್ತದೆ, ದೋಸೆ ಹಿಟ್ಟಿನಲ್ಲಿ ಸೂಕ್ಷ್ಮಜೀವಿಗಳು ಮಾಡುವಂತೆ. ಆಮ್ಲಜನಕವಿದ್ದಾಗ ಒಂದು ಗ್ಲೂಕೋಸ್ ಅಣುವಿನಿಂದ ಕೋಶದ ಶಕ್ತಿವಾಹಕವಾದ ಎಟಿಪಿ ಅಣುಗಳು ಸುಮಾರು 30 ದಕ್ಕುತ್ತಿದ್ದರೆ, ಈಗ ದಕ್ಕುವುದು ಎರಡು ಮಾತ್ರ. ಜೊತೆಗೆ ಮದ್ಯಸಾರದಂಥ ವಸ್ತುಗಳು ಕೋಶದಲ್ಲೇ ಸೇರಿಕೊಳ್ಳುತ್ತವೆ. ಶಕ್ತಿ ಸಾಲದೆ ಬೇರು ನೀರು ಹೀರುವುದನ್ನೂ ನಿಲ್ಲಿಸುತ್ತದೆ, ಎಳೆಯ ತುದಿಗಳು ಮೊದಲು ಸಾಯುತ್ತವೆ. ಭತ್ತದ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತರೂ ಪೈರಿಗೆ ಏನೂ ಆಗದಿರುವುದಕ್ಕೆ ಕಾರಣ, ಅದರ ಎಲೆಯಿಂದ ಬೇರಿನ ತುದಿಯವರೆಗೆ ಗಾಳಿ ಇಳಿಯುವ ಟೊಳ್ಳು ಕೊಳವೆಗಳಿವೆ. ಜೇಡ್‌ನ ಬೇರಿನಲ್ಲಿ ಅಂಥ ಏರ್ಪಾಡಿಲ್ಲ. ಕಲ್ಲುಗುಡ್ಡದ ಗಿಡಕ್ಕೆ ಅದರ ಅಗತ್ಯವೇ ಬಿದ್ದಿರಲಿಲ್ಲ.

ಸತ್ತ ಬೇರಿನ ಮೇಲೆ ಎರಡನೆಯ ದಾಳಿ ನಡೆಯುತ್ತದೆ. ತೇವದಲ್ಲಿ ಬೆಳೆಯುವ ಪಿಥಿಯಂ ಮತ್ತು ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಗಳು ಇದರಲ್ಲಿ ಮುಂಚೂಣಿಯವು. ಫ್ಯುಸೇರಿಯಂನಂಥ ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ಹಿಂದೆಯೇ ಬರುತ್ತವೆ. ಕರ್ನಾಟಕದ ಬೆಳೆಗಾರರಿಗೆ ಈ ಮೊದಲ ಎರಡು ಹಳೆಯ ಶತ್ರುಗಳು. ಶುಂಠಿಯ ಗೆಡ್ಡೆ ಕೊಳೆಯುವುದು ಪಿಥಿಯಂನಿಂದ, ಮಲೆನಾಡಿನ ಅಡಿಕೆಗೆ ಕೊಳೆರೋಗ ಬರುವುದು ಫೈಟಾಫ್ತೊರಾದಿಂದ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆ ಕೊಳೆಯ ಬಗ್ಗೆ ಪ್ರಕಟಿಸಿದ ವರದಿ ಈ ವಿಷಯದ ಆದ್ಯ ಬರಹಗಳಲ್ಲಿ ಒಂದು. ಕೊಳೆರೋಗ ಎಂಬ ಕನ್ನಡ ಪದ ಇಂಗ್ಲಿಷ್ ಸಸ್ಯರೋಗ ಪುಸ್ತಕಗಳಿಗೂ ಹಾಗೆಯೇ ಹೋಗಿದೆ. ಕಾಫಿಯ ಕೊಳೆಗೆ ಕಾರಣವಾದ, ಬೇರೆಯದೇ ಆದ ಒಂದು ಶಿಲೀಂಧ್ರದ ಕುಲಕ್ಕೆ ‘ಕೊಳೆರೋಗ’ ಎಂದೇ ಲ್ಯಾಟಿನ್ ನಾಮಕರಣವೂ ಆಗಿದೆ. ಪಿಥಿಯಂ, ಫೈಟಾಫ್ತೊರಾಗಳು ನೋಡಲು ಬೂಷ್ಟಿನಂತಿದ್ದರೂ ನಿಜವಾದ ಶಿಲೀಂಧ್ರಗಳಲ್ಲ, ಕಂದು ಪಾಚಿಗಳ ದೂರದ ನೆಂಟರು. ಇವುಗಳ ಬೀಜಾಣುಗಳಿಗೆ ಬಾಲವಿದೆ, ಈಜುತ್ತವೆ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದ್ದರೆ ಒಂದು ಬೇರಿನಿಂದ ಇನ್ನೊಂದಕ್ಕೆ ಅವಕ್ಕೆ ಜಲಮಾರ್ಗ ಸಿದ್ಧ. ಮಣ್ಣು ಒಣಗಿದರೆ ಆ ದಾರಿ ಬಂದ್.

ಈಗ ರೋಗಲಕ್ಷಣ. ಇಲ್ಲಿ ಒಂದು ಮೋಸವಿದೆ, ಹೆಚ್ಚಿನ ಗಿಡಗಳು ಸಾಯುವುದು ಈ ಮೋಸದಿಂದಲೇ. ಬೇರು ಕೊಳೆತ ಗಿಡದ ಎಲೆಗಳು ಸುಕ್ಕುಗಟ್ಟುತ್ತವೆ, ಜೋಲು ಬೀಳುತ್ತವೆ. ಥೇಟ್ ನೀರಿಲ್ಲದ ಗಿಡದಂತೆ. ಕುಂಡದ ತುಂಬ ನೀರಿದ್ದರೂ ಅದನ್ನು ಮೇಲಕ್ಕೆ ಕಳಿಸುವ ಬೇರು ಇಲ್ಲವಾದ್ದರಿಂದ ಎಲೆಗೆ ನಿಜವಾಗಿಯೂ ಬರಗಾಲ. ನೋಡಿದವರು ಅಯ್ಯೋ ಪಾಪ ಎಂದು ಇನ್ನೊಂದು ಚೊಂಬು ಹಾಕುತ್ತಾರೆ. ಆದ್ದರಿಂದ ಎಲೆಯೊಂದನ್ನೇ ನೋಡಿ ತೀರ್ಮಾನಿಸಬಾರದು, ಮಣ್ಣನ್ನೂ ಮುಟ್ಟಬೇಕು. ಎಲೆ ಸುಕ್ಕಾಗಿ ಮಣ್ಣು ಒಣಗಿದ್ದರೆ ಬಾಯಾರಿಕೆ. ಎಲೆ ಸುಕ್ಕಾಗಿ ಮಣ್ಣು ಹಸಿಯಾಗಿದ್ದರೆ ಬೇರಿನ ಕೊಳೆ. ಮೇಲ್ಮಣ್ಣು ಒಣಗಿ ತಳ ಹಸಿಯಾಗಿರುವುದು ಸಾಮಾನ್ಯ, ಹಾಗಾಗಿ ಬೆರಳಿನ ತುದಿ ಸಾಲದು. ಊದುಬತ್ತಿಯ ಕಡ್ಡಿಯನ್ನೋ ಬಿದಿರಿನ ಕಡ್ಡಿಯನ್ನೋ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದರೆ, ತೇವದ ಗುರುತು ಎಲ್ಲಿಯವರೆಗೆ ಇದೆ ಎಂಬುದು ಕಾಣುತ್ತದೆ. ಕುಂಡ ಎತ್ತಿ ಭಾರ ನೋಡುವುದು ರೂಢಿಯಾದವರಿಗೆ ಕಡ್ಡಿಯೂ ಬೇಡ.

ಎಲೆ ಮೆತ್ತಗಾಗುವುದು ಇನ್ನೊಂದು ಗುರುತು. ನೀರು ಹೆಚ್ಚಾದ ಜೇಡ್‌ನ ಬುಡದ ಎಲೆಗಳು ಮೊದಲು ಹಳದಿಯಾಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಂತೆ ಪಾರಕವಾಗುತ್ತವೆ. ಕೋಶಗಳು ಒಡೆದು ಒಳಗಿನ ರಸ ಸೋರಿಕೊಂಡಿರುವುದೇ ಇದಕ್ಕೆ ಕಾರಣ. ಬೆರಳು ತಾಕಿದರೆ ಸಾಕು, ಉದುರುತ್ತವೆ. ಬಾಯಾರಿದ ಎಲೆ ಹೀಗಾಗುವುದಿಲ್ಲ. ಅದು ತೆಳ್ಳಗಾಗಿ, ಕೊನೆಗೆ ಕಾಗದದಂತೆ ಒಣಗುತ್ತದೆ. ಅತಿ ಹಳೆಯ ಒಂದೆರಡು ಬುಡದೆಲೆ ಒಣಗಿ ಉದುರುವುದು ಎಲ್ಲ ಗಿಡಕ್ಕೂ ಸಹಜ, ಅದಕ್ಕೆ ಗಾಬರಿ ಬೇಡ. ಗಾಬರಿಪಡಬೇಕಾದದ್ದು ಕಾಂಡದ ಬುಡ ಕಪ್ಪಾದಾಗ, ಒತ್ತಿದರೆ ಒಳಗೆ ಹೋಗುವಾಗ, ಮಣ್ಣಿನಿಂದ ಚರಂಡಿಯ ವಾಸನೆ ಬಂದಾಗ. ಕುಂಡದ ಮೇಲೆ ಚಿಕ್ಕ ಕರಿ ನೊರಜುಗಳು ಹಾರಾಡುತ್ತಿದ್ದರೆ ಮಣ್ಣು ಬಹಳ ದಿನದಿಂದ ಹಸಿಯಾಗಿದೆ ಎಂದೇ ಅರ್ಥ, ಅವು ಮೊಟ್ಟೆಯಿಡುವುದು ಅಂಥ ಮಣ್ಣಿನಲ್ಲಿ.

ಮಣ್ಣು ಹಸಿಯಾಗಿದ್ದು ಗಿಡ ಇನ್ನೂ ಗಟ್ಟಿಯಾಗಿದ್ದರೆ ಕತ್ತರಿ ಬೇಕಾಗಿಲ್ಲ. ಮಣ್ಣಿನ ಹೆಂಟೆಯ ಸಮೇತ ಗಿಡವನ್ನು ಕುಂಡದಿಂದ ಹೊರತೆಗೆದು, ಹಳೆಯ ದಿನಪತ್ರಿಕೆಯ ಮೇಲೆ ನೆರಳಿನಲ್ಲಿ, ಗಾಳಿಯಾಡುವ ಕಡೆ ಎರಡು ಮೂರು ದಿನ ಇಟ್ಟರೆ ಸಾಕು. ಕಾಗದ ನೀರು ಹೀರುತ್ತದೆ, ನಾಲ್ಕು ಬದಿಯಿಂದ ಗಾಳಿ ತಾಗುತ್ತದೆ. ಕುಂಡದೊಳಗೆ ಮೂರು ವಾರ ಹಿಡಿಯುತ್ತಿದ್ದ ಒಣಗುವ ಕೆಲಸ ಹೀಗೆ ಮೂರು ದಿನಕ್ಕೆ ಇಳಿಯುತ್ತದೆ. ಬೇಗ ಒಣಗಲಿ ಎಂದು ಬಿಸಿಲಿಗೆ ಇಡುವುದು ತಪ್ಪು. ನೀರು ಮೇಲೇರದ ಗಿಡದ ಎಲೆ ಮಧ್ಯಾಹ್ನದ ಬಿಸಿಲಿಗೆ ಬೆಂದೇ ಹೋಗುತ್ತದೆ.

ಗಿಡ ಮೆತ್ತಗಾಗಿದ್ದರೆ ಬೇರು ನೋಡಲೇಬೇಕು. ಕಾಂಡ ಹಿಡಿದು ಎಳೆಯದೆ, ಕುಂಡವನ್ನು ಓರೆ ಮಾಡಿ ಬದಿ ತಟ್ಟಿ ಹೆಂಟೆಯನ್ನು ಜಾರಿಸಿಕೊಳ್ಳಬೇಕು. ಹಳೆಯ ಮಣ್ಣನ್ನು ಪೂರ್ತಿ ಬಿಡಿಸಬೇಕು; ಕೋಕೋಪೀಟ್ ಬೇರಿಗೆ ಅಂಟಿಕೊಂಡಿದ್ದರೆ ನೀರಿನಲ್ಲಿ ಅದ್ದಿ ತೊಳೆದರೂ ತಪ್ಪಿಲ್ಲ, ಹೇಗೂ ಮುಂದೆ ಒಣಗಿಸುವುದಿದೆ. ನರ್ಸರಿಯಿಂದ ಬಂದ ಗಿಡಗಳಲ್ಲಿ ಬೇರಿನ ನಡುವೆ ಮೊದಲ ಸಸಿಯ ಕಾಲದ ಪುಟ್ಟ ಬಲೆಯ ಚೀಲವೋ ಪ್ಲಾಸ್ಟಿಕ್ ಬಟ್ಟಲೋ ಉಳಿದಿರುವುದುಂಟು, ಕೊಳೆ ಶುರುವಾಗುವುದು ಅಲ್ಲಿಂದಲೇ. ಜೀವಂತ ಬೇರು ಬಿಳಿಯೋ ತಿಳಿ ಕಂದೋ ಆಗಿದ್ದು ಎಳೆದರೆ ಬಿಗಿಯಾಗಿರುತ್ತದೆ. ಸತ್ತ ಬೇರು ಕಪ್ಪಾಗಿ ಲೋಳೆಯಾಗಿರುತ್ತದೆ. ಎರಡು ಬೆರಳ ನಡುವೆ ಹಿಡಿದು ಎಳೆದರೆ ಹೊರಗಿನ ಸಿಪ್ಪೆ ಕಾಲುಚೀಲ ಕಳಚಿದಂತೆ ಜಾರಿ, ಒಳಗಿನ ನಾರು ದಾರದ ಹಾಗೆ ಉಳಿಯುತ್ತದೆ. ಪಿಥಿಯಂ ಬೇರಿನ ಹೊರಪದರವನ್ನು ತಿಂದು ಗಟ್ಟಿ ನಡುನಾಳವನ್ನು ಬಿಡುವುದರಿಂದ ಹೀಗಾಗುತ್ತದೆ. ಬೇರಿನ ಮೇಲೆ ಹತ್ತಿಯಂಥ ಬಿಳಿ ಚುಕ್ಕೆಗಳಿದ್ದರೆ ಅದು ಕೊಳೆಯಲ್ಲ, ಹಿಟ್ಟುತಿಗಣೆ. ಅದರ ಉಪಚಾರವೇ ಬೇರೆ.

ಕತ್ತರಿಸುವಾಗ ಕನಿಕರ ತೋರಿದಷ್ಟೂ ಗಿಡಕ್ಕೆ ನಷ್ಟ. ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡ್‌ನಿಂದ ಕಪ್ಪು ಬೇರುಗಳನ್ನೆಲ್ಲ ತೆಗೆಯಬೇಕು, ಕೊಳೆ ಕಾಂಡಕ್ಕೆ ಏರಿದ್ದರೆ ಕಾಂಡವನ್ನೂ ಬುಡದಿಂದ ಸ್ವಲ್ಪಸ್ವಲ್ಪವಾಗಿ ಮೇಲಕ್ಕೆ ಕತ್ತರಿಸುತ್ತ ಹೋಗಬೇಕು. ಪ್ರತಿ ಸಲ ಕತ್ತರಿಸಿದ ಮುಖವನ್ನು ನೋಡಬೇಕು. ಆರೋಗ್ಯದ ಜೇಡ್ ಕಾಂಡದ ಒಳಮೈ ತಿಳಿ ಹಸಿರು. ಅದರಲ್ಲಿ ಕಂದು ಚುಕ್ಕೆಗಳೋ ಉಂಗುರವೋ ಕಂಡರೆ ರೋಗಾಣು ನೀರಿನ ನಾಳಗಳಲ್ಲಿ ಇನ್ನೂ ಮೇಲೇರಿದೆ; ಆ ಗುರುತು ಮಾಯವಾಗುವವರೆಗೆ ಕತ್ತರಿಸಿ, ಅದರ ಮೇಲೆ ಅರ್ಧ ಅಂಗುಲ ಹೆಚ್ಚೇ ತೆಗೆಯುವುದು ಲೇಸು. ಪ್ರತಿ ಕೊಯ್ತಕ್ಕೂ ಬ್ಲೇಡ್ ಒರೆಸಬೇಕು, ಇಲ್ಲದಿದ್ದರೆ ಕೊಳೆಯನ್ನು ಕೈಯಾರೆ ಮೇಲಕ್ಕೆ ಒಯ್ದಂತೆ. ಒಂದೇ ಒಂದು ಬೇರು ಉಳಿಯದಿದ್ದರೂ ಎದೆಗುಂದಬೇಕಿಲ್ಲ. ಕಳ್ಳಿ ಜಾತಿಯ ಯುಫೋರ್ಬಿಯಾಗಳಲ್ಲಿ ಗಾಯದಿಂದ ಬಿಳಿ ಹಾಲು ಸುರಿಯುತ್ತದೆ. ಅದು ಕಣ್ಣಿಗೆ ತಾಗಿದರೆ ಅಪಾಯ, ಕೈಗವಸು ಹಾಕಿಕೊಂಡೇ ಮಾಡಬೇಕು, ಹಾಲನ್ನು ನೀರಿನಿಂದ ತೊಳೆದು ಬಿಡಬೇಕು.

ನಂತರದ್ದು ಕಾಯುವ ಕೆಲಸ. ಗಾಯದ ಮುಖದ ಕೋಶಗಳು ಸುಬೆರಿನ್ ಎಂಬ ಮೇಣದಂಥ ವಸ್ತುವನ್ನು ಹಾಸಿ ಬಿರಟೆಯಂಥ ಪದರ ಕಟ್ಟಿಕೊಳ್ಳುತ್ತವೆ. ಸೀಸೆಯ ಬಿರಟೆಯನ್ನು ಕೊಡುವ ಓಕ್ ತೊಗಟೆಯಲ್ಲಿ ಇರುವುದೂ ಇದೇ ಸುಬೆರಿನ್. ಪದರ ಕಟ್ಟಿದ ಮೇಲೆ ಒಳಗಿನ ನೀರು ಹೊರಬರುವುದಿಲ್ಲ, ಹೊರಗಿನ ರೋಗಾಣು ಒಳಹೋಗುವುದಿಲ್ಲ. ಸಣ್ಣ ಬೇರಿನ ಗಾಯಕ್ಕೆ ಎರಡು ಮೂರು ದಿನ, ಬೆರಳು ಗಾತ್ರದ ಕಾಂಡಕ್ಕೆ ಒಂದು ವಾರ, ದಪ್ಪ ಕಳ್ಳಿಗೆ ಎರಡು ಮೂರು ವಾರವೂ ಬೇಕಾಗಬಹುದು. ಮಳೆಗಾಲದ ಥಂಡಿಯಲ್ಲಿ ಇನ್ನೂ ತಡ. ಅಷ್ಟು ದಿನ ಮಣ್ಣಿಲ್ಲ, ನೀರಿಲ್ಲ, ಬಿಸಿಲಿಲ್ಲ. ಬೆಳಕು ಮತ್ತು ಗಾಳಿ ಮಾತ್ರ. ಎಲೆಯಲ್ಲಿ ಕೂಡಿಟ್ಟ ನೀರೇ ಗಿಡಕ್ಕೆ ಆಹಾರ, ಔಷಧ ಎರಡೂ. ಕಳ್ಳಿಯನ್ನು ಮಲಗಿಸಿಟ್ಟರೆ ಬೆಳಕಿನತ್ತ ಬಾಗುತ್ತದೆ, ಆದ್ದರಿಂದ ಖಾಲಿ ಲೋಟದಲ್ಲಿ ನೇರವಾಗಿ ನಿಲ್ಲಿಸುವುದು ಜಾಣತನ.

ಗಾಯಕ್ಕೆ ಏನು ಹಚ್ಚಬೇಕು ಎಂಬ ಬಗ್ಗೆ ಸಲಹೆಗಳಿಗೆ ಕೊರತೆಯಿಲ್ಲ. ಅರಿಶಿನ, ದಾಲ್ಚಿನ್ನಿ ಪುಡಿ, ಒಲೆಯ ಬೂದಿ, ಗಂಧಕದ ಪುಡಿ ಎಲ್ಲವೂ ಬಳಕೆಯಲ್ಲಿವೆ. ಗಂಧಕ ಹಳೆಯ ಶಿಲೀಂಧ್ರನಾಶಕ. ಉಳಿದ ಪುಡಿಗಳು ಮುಖ್ಯವಾಗಿ ಗಾಯದ ತೇವ ಹೀರುತ್ತವೆ. ಅದರಿಂದ ಆಗುವ ಲಾಭ ಗಾಳಿಗೆ ಒಣಗಿಸಿದರೂ ಆಗುತ್ತದೆ. ಗೊಬ್ಬರದಂಗಡಿಯಲ್ಲಿ ಶಿಲೀಂಧ್ರನಾಶಕ ಕೇಳಿದರೆ ಅನೇಕ ಸಲ ಕೈಗೆ ಬರುವುದು ಕಾರ್ಬೆಂಡಾಜಿಮ್. ಅದು ಫ್ಯುಸೇರಿಯಂ ಮೇಲೆ ಕೆಲಸ ಮಾಡುತ್ತದೆ, ಆದರೆ ಪಿಥಿಯಂ ಮತ್ತು ಫೈಟಾಫ್ತೊರಾಗಳ ಮೇಲೆ ಅದರ ಆಟ ನಡೆಯದು, ಅವು ಶಿಲೀಂಧ್ರಗಳೇ ಅಲ್ಲವಲ್ಲ. ಅವಕ್ಕೆ ಮೆಟಲಾಕ್ಸಿಲ್‌ನಂಥ ಬೇರೆ ಔಷಧ ಬೇಕು. ಅಡಿಕೆ ತೋಟದಲ್ಲಿ ಹೊಡೆಯುವ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ರೋಗ ಬರುವ ಮುಂಚೆ ಕಾಯುತ್ತದೆಯೇ ಹೊರತು, ಕೊಳೆತ ಅಂಗಾಂಶವನ್ನು ಸರಿಮಾಡುವುದಿಲ್ಲ. ಯಾವ ರಾಸಾಯನಿಕವೂ ಸತ್ತ ಬೇರನ್ನು ಬದುಕಿಸಲಾರದು. ಮನೆಯೊಳಗಿನ ಒಂದು ಕುಂಡಕ್ಕಾಗಿ ವಿಷ ಕಲಸುವುದಕ್ಕಿಂತ ಇನ್ನೊಂದು ಅಂಗುಲ ಕತ್ತರಿಸಿ ಇನ್ನೊಂದು ವಾರ ಒಣಗಿಸುವುದೇ ಒಳ್ಳೆಯ ವೈದ್ಯ.

ಬುಡ ಪೂರ್ತಿ ಹೋಗಿದ್ದರೂ ತುದಿ ಗಟ್ಟಿಯಾಗಿದ್ದರೆ ಗಿಡ ಉಳಿಯುತ್ತದೆ. ಎಕೆವೇರಿಯಾದ ತಲೆಯನ್ನು ಒಂದಂಗುಲ ಕಾಂಡದೊಂದಿಗೆ ಕತ್ತರಿಸಿ, ಒಣಗಿಸಿ, ಒಣ ಮಿಶ್ರಣದ ಮೇಲೆ ಕೂರಿಸಿದರೆ ಎರಡರಿಂದ ನಾಲ್ಕು ವಾರದಲ್ಲಿ ಗುಲಾಬಿ ಬಣ್ಣದ ಎಳೆ ಬೇರು ಇಣುಕುತ್ತದೆ. ತುದಿಯೂ ಕೊಳೆತಿದ್ದರೆ ಉಳಿದ ಗಟ್ಟಿ ಎಲೆಗಳನ್ನಾದರೂ ಬಿಡಿಸಿಕೊಳ್ಳಬಹುದು. ಎಲೆ ಮುರಿಯದೆ, ಕಾಂಡಕ್ಕೆ ಅಂಟಿದ ತೊಟ್ಟಿನ ಸಮೇತ ಬರಬೇಕು, ಏಕೆಂದರೆ ಹೊಸ ಸಸಿ ಹುಟ್ಟುವ ಕೋಶಗಳು ಇರುವುದು ಆ ಬುಡದಲ್ಲಿ. ಜೇಡ್, ಎಕೆವೇರಿಯಾಗಳಲ್ಲಿ ಇದು ಸುಲಭ. ಕಾಡುಬಸಳೆಯಲ್ಲಂತೂ ಎಲೆಯ ಅಂಚಿನ ಕಚ್ಚುಕಚ್ಚಿನಲ್ಲೂ ಮರಿಗಿಡ ಏಳುತ್ತದೆ. ಲೋಳೆಸರದ ಎಲೆಯಿಂದ ಗಿಡ ಬರುವುದಿಲ್ಲ. ಅದರಲ್ಲಿ ಪಕ್ಕದ ಮರಿಗಳನ್ನು ಬೇರ್ಪಡಿಸಿ ಉಳಿಸಿಕೊಳ್ಳಬೇಕು. ಸ್ನೇಕ್ ಪ್ಲಾಂಟಿನ ಎಲೆಯನ್ನು ತುಂಡು ಮಾಡಿ ನೆಟ್ಟರೆ ಚಿಗುರುತ್ತದೆ, ಆದರೆ ಹಳದಿ ಅಂಚಿನ ತಳಿಯಾಗಿದ್ದರೆ ಮರಿಗಳು ಬರೀ ಹಸಿರಾಗಿ ಬರುತ್ತವೆ. ಎರಡು ಬಗೆಯ ಕೋಶಪದರಗಳು ಜೊತೆಗೂಡಿ ಆ ಅಂಚು ಮೂಡಿರುವುದರಿಂದ, ತುಂಡಿನಿಂದ ಹುಟ್ಟುವ ಗಿಡಕ್ಕೆ ಅದು ದಾಟುವುದಿಲ್ಲ. ಅಂಚು ಬೇಕೆನ್ನುವವರು ಗೆಡ್ಡೆ ಒಡೆದೇ ನೆಡಬೇಕು.

ಅಡೇನಿಯಂನ ಉಬ್ಬಿದ ಬುಡ ಒಂದು ಕಡೆ ಮಾತ್ರ ಮೆತ್ತಗಾಗಿದ್ದರೆ, ಆಲೂಗೆಡ್ಡೆಯ ಹಾಳು ಭಾಗ ಕೆತ್ತಿದಂತೆ ಕೆತ್ತಿ ತೆಗೆದು ಗುಂಡಿಯನ್ನು ಒಣಗಲು ಬಿಟ್ಟರೆ ಗಿಡ ಬದುಕುತ್ತದೆ. ಗುಂಡು ಕಳ್ಳಿಗಳಲ್ಲಿ ಕೆಲಸ ಕಷ್ಟ. ಅವುಗಳಲ್ಲಿ ಕೊಳೆ ಒಳಗೊಳಗೇ ಏರಿ, ಹೊರಗೆ ಗೊತ್ತಾಗುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಶುದ್ಧ ಹಸಿರು ಸಿಗುವವರೆಗೆ ಕತ್ತರಿಸಿ ಟೊಪ್ಪಿಯಷ್ಟು ಉಳಿದದ್ದಕ್ಕೆ ಬೇರು ಬರಿಸಬಹುದು, ಇಲ್ಲವೇ ಅದನ್ನು ಡ್ರ್ಯಾಗನ್ ಫ್ರೂಟ್ ಕಾಂಡಕ್ಕೆ ಕಸಿ ಕಟ್ಟಬಹುದು. ನರ್ಸರಿಗಳಲ್ಲಿ ಮಾರುವ ಕೆಂಪು, ಹಳದಿ ತಲೆಯ ‘ಮೂನ್ ಕ್ಯಾಕ್ಟಸ್’ ಹುಟ್ಟಿನಿಂದಲೇ ಹೀಗೆ ಕಸಿಯಾದದ್ದು. ಆ ಬಣ್ಣದ ತಲೆಯಲ್ಲಿ ಪತ್ರಹರಿತ್ತು ಇಲ್ಲ, ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದು. ಅದರ ಹಸಿರು ಕಾಲು ಕೊಳೆತರೆ ತಲೆಯನ್ನು ಕತ್ತರಿಸಿ ಮಣ್ಣಿನಲ್ಲಿ ಇಟ್ಟು ಪ್ರಯೋಜನವಿಲ್ಲ. ಹೊಸ ಕಾಲಿಗೆ ಕಸಿ ಕಟ್ಟಿದರೆ ಮಾತ್ರ ಉಳಿದೀತು.

ಗಾಯ ಒಣಗಿದ ಮೇಲೆ ಮರುನಾಟಿ. ಹಳೆಯ ಮಣ್ಣನ್ನು ಮತ್ತೆ ಬಳಸಬಾರದು. ನರ್ಸರಿಗಳು ಸಾಗಣೆಗೆ ಹಗುರವೆಂದು ಬರೀ ಕೋಕೋಪೀಟ್ ತುಂಬಿ ಕೊಡುತ್ತವೆ. ತೆಂಗಿನ ನಾರಿನ ಈ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ದಿನವೂ ಬಿಸಿಲು ಕಾಣುವ ನರ್ಸರಿಯಲ್ಲಿ ನಡೆಯುತ್ತದೆ, ಮನೆಯ ಮೂಲೆಯಲ್ಲಿ ನಡೆಯುವುದಿಲ್ಲ. ಬರೀ ಕೆಮ್ಮಣ್ಣು ಒಣಗಿದರೆ ಇಟ್ಟಿಗೆ, ತೊಯ್ದರೆ ಕೆಸರು. ಸಕ್ಯುಲೆಂಟ್‌ಗೆ ಬೇಕಾದ ಮಿಶ್ರಣದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕಾಳಿನಂಥ ಗಟ್ಟಿ ಚೂರುಗಳಿರಬೇಕು: ಮೂರರಿಂದ ಆರು ಮಿಲಿಮೀಟರಿನ ಇಟ್ಟಿಗೆ ಚೂರು, ಇದ್ದಿಲು, ಪರ್ಲೈಟ್, ಪ್ಯೂಮಿಸ್, ಇಲ್ಲವೇ ತೊಳೆದ ದಪ್ಪ ಮರಳು. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ಪುಡಿಯನ್ನು ಎಸೆಯಬೇಕು, ಆ ಪುಡಿ ಸಿಮೆಂಟಿನಂತೆ ಸಂದು ಮುಚ್ಚುತ್ತದೆ. ಉಳಿದ ಭಾಗ ಮಣ್ಣು ಮತ್ತು ಹಳೆಯ ಕಾಂಪೋಸ್ಟ್. ಹಿಡಿಯಲ್ಲಿ ಒದ್ದೆ ಮಿಶ್ರಣ ಹಿಂಡಿ ಕೈ ಬಿಚ್ಚಿದಾಗ ಉಂಡೆಯಾಗದೆ ಉದುರಿದರೆ ಹದ ಸರಿಯಿದೆ.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ಬಲವಾಗಿದೆ. ಅದು ನಿಜವಲ್ಲ. ಸಣ್ಣ ಸಂದಿನ ಮಣ್ಣು ನೀರನ್ನು ಹಿಡಿದಿಡುವ ಶಕ್ತಿ ದೊಡ್ಡ ಸಂದಿನ ಜಲ್ಲಿಗಿಂತ ಹೆಚ್ಚು. ಹಾಗಾಗಿ ಮಣ್ಣಿನ ಕೆಳಪದರ ಪೂರ್ತಿ ತೊಯ್ದು ತುಂಬುವವರೆಗೆ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಜಲ್ಲಿ ಇಲ್ಲದಿದ್ದಾಗ ಕುಂಡದ ತಳದಲ್ಲಿ ಇರುತ್ತಿದ್ದ ಹಸಿ ಪದರ ಈಗ ಜಲ್ಲಿಯ ಮೇಲೆ, ಬೇರಿಗೆ ಇನ್ನಷ್ಟು ಹತ್ತಿರ ಬಂದು ಕೂರುತ್ತದೆ. ಪಾತ್ರೆ ತಿಕ್ಕುವ ಸ್ಪಂಜಿನಲ್ಲಿ ಇದರ ಹಿಂದಿನ ತತ್ವವನ್ನು ನೋಡಬಹುದು. ನೀರು ಕುಡಿದ ಸ್ಪಂಜನ್ನು ಅಡ್ಡ ಮಲಗಿಸಿ ಹಿಡಿದರೆ ಒಂದಿಷ್ಟು ತೊಟ್ಟಿಕ್ಕಿ ನಿಲ್ಲುತ್ತದೆ. ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿದರೆ ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಎತ್ತರ ಮಾತ್ರ ಬದಲಾಯಿತು. ಕುಂಡದಲ್ಲೂ ಹಾಗೆಯೇ: ಒಂದೇ ಮಿಶ್ರಣ ತುಂಬಿದರೆ ತಟ್ಟೆಯಂಥ ಕುಂಡಕ್ಕಿಂತ ಎತ್ತರದ ಕುಂಡದಲ್ಲಿ ಬೇರಿಗೆ ಒಣ ಜಾಗ ಹೆಚ್ಚು ಸಿಗುತ್ತದೆ. ತೂತಿನ ಮೇಲೆ ಮಣ್ಣು ಸೋರದಂತೆ ಒಂದು ತುಂಡು ಬಲೆ ಸಾಕು.

ಕುಂಬಾರರ ಮಣ್ಣಿನ ಕುಂಡ ಇಲ್ಲಿ ಪಿಂಗಾಣಿಗಿಂತ ಮೇಲು, ಅದರ ಗೋಡೆಯಿಂದಲೂ ನೀರು ಆವಿಯಾಗುತ್ತದೆ. ತಳದಲ್ಲಿ ತೂತಿಲ್ಲದ ಚಂದದ ಪಾತ್ರೆಗಳು ಪ್ಲಾಸ್ಟಿಕ್ ಹೂವಿಗೆ ಸರಿ. ಗಾತ್ರ ಬೇರಿನ ಗಂಟಿಗಿಂತ ಒಂದೆರಡು ಅಂಗುಲ ಅಗಲವಿದ್ದರೆ ಸಾಕು. ದೊಡ್ಡ ಕುಂಡದಲ್ಲಿ ಬೇರು ತಲುಪದ ಮಣ್ಣು ಹಸಿಯಾಗಿಯೇ ಉಳಿಯುತ್ತದೆ.

ನೆಟ್ಟ ಕೂಡಲೇ ನೀರು ಹಾಕುವುದು ಭಾರತದ ಯಾವ ಮಾಲಿಯೂ ಬಿಡಲಾರದ ಅಭ್ಯಾಸ. ಇಲ್ಲಿ ಅದನ್ನು ಬಿಡಬೇಕು. ಒಣ ಮಿಶ್ರಣದಲ್ಲಿ ನೆಟ್ಟ ಗಿಡಕ್ಕೆ ಒಂದು ವಾರ ಏನೂ ಬೇಡ. ಬೇರೇ ಇಲ್ಲದ ತುಂಡಾದರೆ ಎರಡು ವಾರದ ನಂತರ ಮೆಲ್ಲಗೆ ಎಳೆದು ನೋಡಬೇಕು. ಹಿಡಿದು ನಿಂತರೆ ಬೇರು ಬಂದಿದೆ. ಆಗ ಮೊದಲ ನೀರು. ನಂತರದ ಕ್ರಮ ಸರಳ: ಹಾಕಿದಾಗ ತಳದ ತೂತಿನಿಂದ ಹರಿಯುವಷ್ಟು ಹಾಕಬೇಕು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು, ಮತ್ತೆ ಕಡ್ಡಿ ಪೂರ್ತಿ ಒಣಗಿ ಬರುವವರೆಗೆ ಮುಟ್ಟಬಾರದು. ದಿನಕ್ಕೆರಡು ಚಮಚ ಹಾಕುವ ಮಿತವ್ಯಯ ಅತಿ ನೀರಿಗಿಂತ ಕೆಟ್ಟದ್ದು, ಏಕೆಂದರೆ ಅದರಲ್ಲಿ ಮಣ್ಣು ಎಂದೂ ಒಣಗುವುದಿಲ್ಲ, ಎಂದೂ ಪೂರ್ತಿ ತೊಯ್ಯುವುದೂ ಇಲ್ಲ. ಹೊಸ ಚಿಗುರು ಬರುವವರೆಗೆ ಗೊಬ್ಬರದ ಮಾತೇ ಬೇಡ.

ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಒಂದೇ ಉತ್ತರ ಹೇಳುವ ಪುಸ್ತಕಗಳನ್ನು ನಂಬಬಾರದು. ಕಲಬುರಗಿಯ ಏಪ್ರಿಲ್‌ನಲ್ಲಿ ವಾರದೊಳಗೆ ಒಣಗುವ ಕುಂಡ, ಮಂಗಳೂರಿನ ಜುಲೈನಲ್ಲಿ ತಿಂಗಳಾದರೂ ಹಸಿಯಾಗಿರಬಹುದು. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕ್ಯುಲೆಂಟ್‌ಗಳನ್ನು ಮಳೆ ಎರಚದ ಸೂರಿನ ಕೆಳಗೆ, ಕುಂಡ ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲೆ ಇಡುವುದು ಅನಿವಾರ್ಯ. ಗಾಳಿಯಲ್ಲೇ ತೇವ ತುಂಬಿರುವಾಗ ಆವಿಯಾಗುವಿಕೆ ನಿಂತೇಹೋಗುತ್ತದೆ. ಅಡಿಕೆ ತೋಟಕ್ಕೆ ಬಸಿಗಾಲುವೆ ತೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಹವೆ ಇವೆರಡರ ನಡುವಿನದು. ಅಲ್ಲಿ ಗಿಡ ಸಾಯುವುದು ಹೆಚ್ಚಾಗಿ ಮಳೆಯಿಂದಲ್ಲ, ಕಿಟಕಿಯಿಂದ ದೂರವಿಟ್ಟ ಟೀಪಾಯಿಯ ಕತ್ತಲಿನಿಂದ.

ಉಳಿದ ಗಿಡ ಚೇತರಿಸಿಕೊಂಡಿತೇ ಎಂಬುದನ್ನು ಹಳೆಯ ಎಲೆಯಲ್ಲಿ ಹುಡುಕಬಾರದು. ಬೇರು ಬಂದ ಮೇಲೆ ಸುಕ್ಕಾದ ಎಲೆಗಳು ಕೆಲವೇ ದಿನಗಳಲ್ಲಿ ಮತ್ತೆ ಉಬ್ಬುತ್ತವೆ, ಆದರೆ ಪಾರಕವಾದ ಎಲೆಗಳು ಉಬ್ಬುವುದಿಲ್ಲ, ಅವನ್ನು ಕಿತ್ತು ಹಾಕಬೇಕು. ನಂಬಬಹುದಾದ ಸುದ್ದಿ ಬರುವುದು ನೆತ್ತಿಯಿಂದ: ನಡುವಿನಲ್ಲಿ ಗಟ್ಟಿಯಾದ, ಹೊಳೆಯುವ ಹೊಸ ಜೋಡಿ ಎಲೆ ಕಂಡರೆ ಕೆಳಗೆ ಬೇರು ಕೆಲಸಕ್ಕೆ ಹತ್ತಿದೆ ಎಂದೇ ಲೆಕ್ಕ. ಜೇಡ್‌ನಲ್ಲಿ ಇದಕ್ಕೆ ಒಂದರಿಂದ ಎರಡು ತಿಂಗಳು ಬೇಕು, ಕಳ್ಳಿಯಲ್ಲಿ ಒಂದು ಇಡೀ ಋತುವೇ ಹಿಡಿಯಬಹುದು. ಕತ್ತರಿಸಿದ ಜಾಗದ ಬಿರಟೆಯಂಥ ಕಂದು ಕಲೆ ಮಾತ್ರ ಮಾಯುವುದಿಲ್ಲ. ಗಿಡ ಇರುವಷ್ಟು ವರ್ಷವೂ ಅದು ಹಾಗೆಯೇ ಇರುತ್ತದೆ.